ಡ್ರಿಲ್ಲಿಂಗ್ ಮಷಿನ್‌ನಲ್ಲಿ 60 ಮಿ.ಮೀ. ತೂತು ಕೊರೆಯುವಾಗ ಬಿಟ್ ನಿಂತುಹೋಗುತ್ತದೆ. ಮೋಟಾರು ಬದಲಾಯಿಸಬೇಕೇ?

ನಿಮ್ಮಲ್ಲಿರುವುದು ಅರ್ಧ ಎಚ್‌ಪಿ ಮೋಟಾರಿನ, 13 ಮಿ.ಮೀ. ಚಕ್ (ಬಿಟ್ಟಿನ ಕಾಂಡವನ್ನು ಕಚ್ಚಿ ಹಿಡಿಯುವ ಭಾಗ) ಇರುವ ಬೆಂಚ್ ಮಷಿನ್. ಕಂಪ್ಯೂಟರ್ ಮೇಜಿನ ವೈರುಗಳನ್ನು ಇಳಿಸಲು 40 ಮಿ.ಮೀ. ದಪ್ಪದ ತೇಗದ ಹಲಗೆಯಲ್ಲಿ (ಅಗಲವಾದ, ಚಪ್ಪಟೆ ತಳದ ತೂತಿಗೆ ಬಳಸುವ) ಫಾರ್ಸ್ಟ್ನರ್ ಬಿಟ್‌ನಿಂದ ತೂತು ಕೊರೆಯಲು ಹೊರಟರೆ ಅರ್ಧ ಆಳಕ್ಕೆ ಹೊಗೆ ಬರುತ್ತದೆ, ಬಿಟ್ ನಿಲ್ಲುತ್ತದೆ, ಒಮ್ಮೆ ಚಕ್ಕೇ ಕಳಚಿ ಬಿತ್ತು ಎಂದು ಬರೆದಿದ್ದೀರಿ. ಒಂದು ಎಚ್‌ಪಿ ಮೋಟಾರು ಕೂರಿಸಲು ಈಗಲೇ ಹಣ ಹಾಕಬೇಡಿ ಎಂದು ನಾನು ಖಚಿತವಾಗಿ ಹೇಳುತ್ತೇನೆ. ಬಿಟ್ ನಿಂತ ಮಾತ್ರಕ್ಕೆ ಮೋಟಾರು ಸೋತಿದೆ ಎಂದಲ್ಲ. ಮೋಟಾರಿನಿಂದ ಮರದವರೆಗೆ ಬೆಲ್ಟು, ಸ್ಪಿಂಡಲ್ (ಚಕ್ಕನ್ನು ತಿರುಗಿಸುವ ದಂಡ), ಚಕ್, ಬಿಟ್ಟಿನ ಕಾಂಡ ಹೀಗೆ ಹಲವು ಹಿಡಿತಗಳಿವೆ, ಅವುಗಳಲ್ಲಿ ಯಾವುದು ಜಾರಿತು ಎಂಬುದನ್ನು ಮೊದಲು ಪತ್ತೆಹಚ್ಚಬೇಕು.

ಅದಕ್ಕೆ ಒಂದು ಸೀಮೆಸುಣ್ಣದ ತುಂಡು ಸಾಕು. ಪ್ಲಗ್ ತೆಗೆದು, ಸ್ಪಿಂಡಲ್‌ನಿಂದ ಚಕ್ಕಿನ ಮೇಲೆ ಹಾದು ಬಿಟ್ಟಿನ ಕಾಂಡದವರೆಗೆ ನೇರವಾಗಿ ಒಂದು ಗೆರೆ ಎಳೆಯಿರಿ. ಆಮೇಲೆ ಕೊರೆಯಿರಿ, ಬಿಟ್ ನಿಂತ ಕೂಡಲೇ ಸ್ವಿಚ್ ಆರಿಸಿ ಗೆರೆಯನ್ನು ನೋಡಿ. ಕಾಂಡದ ಗೆರೆ ಚಕ್ಕಿನ ಗೆರೆಯಿಂದ ಸರಿದಿದ್ದರೆ ಚಕ್ಕಿನ ಹಿಡಿತ ಸಡಿಲ; ಚಕ್ಕಿನ ಗೆರೆ ಸ್ಪಿಂಡಲ್‌ನ ಗೆರೆಯಿಂದ ಸರಿದಿದ್ದರೆ ಟೇಪರ್ (ಚಕ್ಕೂ ಸ್ಪಿಂಡಲೂ ಒಂದರೊಳಗೊಂದು ಕೂರುವ ಇಳಿಜಾರು ಜೋಡಣೆ) ಜಾರುತ್ತಿದೆ. ಗೆರೆ ನೆಟ್ಟಗೇ ಇದ್ದು, ಬಿಟ್ ನಿಂತಾಗಲೂ ಮೋಟಾರಿನ ಸದ್ದು ಸರಾಗವಾಗಿ ಕೇಳುತ್ತಿದ್ದರೆ, ಜೊತೆಗೆ ರಬ್ಬರ್ ಸುಟ್ಟ ವಾಸನೆ ಬಂದರೆ, ಜಾರುತ್ತಿರುವುದು ಬೆಲ್ಟು. ಎಲ್ಲವೂ ನಿಂತು ಮೋಟಾರು ಬರೀ ಗುಂಯ್‌ಗುಟ್ಟಿದರೆ ಮಾತ್ರ ಮೋಟಾರಿನ ಮೇಲೆ ಅನುಮಾನ ಪಡಬಹುದು.

ಆದರೆ ಈ ಪರೀಕ್ಷೆಗೂ ಮುಂಚೆ ವೇಗವನ್ನು ಸರಿಪಡಿಸಿಕೊಳ್ಳಿ, ಏಕೆಂದರೆ ನಿಮ್ಮ ಹೊಗೆಗೆ ಮುಖ್ಯ ಕಾರಣ ಅದೇ ಎಂದು ನನಗೆ ತೋರುತ್ತದೆ. ಬೆಲ್ಟನ್ನು ಪುಲ್ಲಿಯ, ನಿಮಿಷಕ್ಕೆ 2500 ಸುತ್ತು ತಿರುಗಿಸುವ 2500 ಆರ್‌ಪಿಎಂ ಮೆಟ್ಟಿಲಿನಲ್ಲಿಯೇ ಬಿಟ್ಟಿದ್ದೇನೆ ಎಂದು ಹೇಳಿದ್ದೀರಿ. ಆ ವೇಗದಲ್ಲಿ 10 ಮಿ.ಮೀ. ಬಿಟ್ಟಿನ ಹೊರ ಅಂಚು ನಿಮಿಷಕ್ಕೆ ಸುಮಾರು 78 ಮೀಟರ್ ಓಡುತ್ತದೆ, 60 ಮಿ.ಮೀ. ಬಿಟ್ಟಿನ ಅಂಚು ಸುಮಾರು 470 ಮೀಟರ್ ಓಡುತ್ತದೆ. ಅಷ್ಟು ವೇಗದಲ್ಲಿ ಅಂಚು ಮರವನ್ನು ಕತ್ತರಿಸುವುದಕ್ಕಿಂತ ಹೆಚ್ಚಾಗಿ ಉಜ್ಜುತ್ತದೆ. ಎರಡನೆಯದಾಗಿ, ಒಂದೇ ಆಳಕ್ಕೆ 10 ಮಿ.ಮೀ. ತೂತಿಗಿಂತ 60 ಮಿ.ಮೀ. ತೂತಿನಲ್ಲಿ ತೆಗೆಯಬೇಕಾದ ಮರ 36 ಪಟ್ಟು. ಬೆಲ್ಟನ್ನು ಮೋಟಾರಿನ ಅತಿ ಚಿಕ್ಕ ಪುಲ್ಲಿಯಿಂದ ಸ್ಪಿಂಡಲ್‌ನ ಅತಿ ದೊಡ್ಡ ಪುಲ್ಲಿಗೆ ಹಾಕಿ ವೇಗವನ್ನು 400 ಅಥವಾ 500ಕ್ಕೆ ಇಳಿಸಿದರೆ, ಉಜ್ಜುವಿಕೆ ತಗ್ಗುವುದಲ್ಲದೆ, ಅದೇ ಅರ್ಧ ಎಚ್‌ಪಿ ಮೋಟಾರು ಬಿಟ್ಟಿಗೆ ಐದಾರು ಪಟ್ಟು ಹೆಚ್ಚಿನ ತಿರುಚುಬಲ ಕೊಡುತ್ತದೆ. ನೀವು ಹೊಸ ಮೋಟಾರಿನಿಂದ ನಿರೀಕ್ಷಿಸುತ್ತಿರುವ ಬಲಕ್ಕಿಂತ ಇದು ಹೆಚ್ಚು, ಖರ್ಚೂ ಇಲ್ಲ.

ಚಿಕ್ಕ ಪುಲ್ಲಿಗೆ ಇಳಿಸಿದಾಗ ಬೆಲ್ಟು ಅದನ್ನು ಅಪ್ಪಿಕೊಳ್ಳುವ ಭಾಗ ಕಡಿಮೆಯಾಗುವುದರಿಂದ ಜಾರುವ ಸಂಭವ ಹೆಚ್ಚು. ಹೆಬ್ಬೆರಳಿನಿಂದ ನಡುವೆ ಒತ್ತಿದರೆ 10ರಿಂದ 12 ಮಿ.ಮೀ. ಬಾಗುವಷ್ಟು ಬಿಗಿ ಇರಲಿ. ವಿ ಬೆಲ್ಟು ಹಿಡಿಯುವುದು ಪಕ್ಕಗಳಿಂದ, ತಳದಿಂದಲ್ಲ; ಪಕ್ಕಗಳು ಕನ್ನಡಿಯಂತೆ ಹೊಳೆಯುತ್ತಿದ್ದರೆ, ಅಥವಾ ಬೆಲ್ಟು ಸವೆದು ಪುಲ್ಲಿಯ ತೋಡಿನ ತಳ ಮುಟ್ಟಿದ್ದರೆ, ಅದನ್ನು ಎಷ್ಟು ಬಿಗಿ ಮಾಡಿದರೂ ಪ್ರಯೋಜನವಿಲ್ಲ, ಹೊಸದು ಹಾಕಬೇಕು.

ಇನ್ನು ಚಕ್ ಕಳಚಿ ಬಿದ್ದ ವಿಷಯ. ಇದನ್ನು ದಯವಿಟ್ಟು ಹಗುರವಾಗಿ ತೆಗೆದುಕೊಳ್ಳಬೇಡಿ. ಚಕ್ಕನ್ನು ಹಿಡಿದಿರುವುದು ಬೋಲ್ಟಲ್ಲ, ಒಂದರೊಳಗೊಂದು ಕೂರುವ ಎರಡು ಇಳಿಜಾರು ಮೈಗಳ ಘರ್ಷಣೆ. ಮೇಲಿನಿಂದ ಒತ್ತುವ ಭಾರಕ್ಕೆ ಅದು ಇನ್ನಷ್ಟು ಬಿಗಿಯಾಗುತ್ತದೆ. ಪಕ್ಕದಿಂದ ಬರುವ ನಡುಕಕ್ಕೆ ಸಡಿಲವಾಗುತ್ತದೆ, ದೊಡ್ಡ ಬಿಟ್ಟು ಕೊಡುವುದು ಇಂಥ ನಡುಕವನ್ನೇ. ಎರಡೂ ಮೈಗಳನ್ನು ಥಿನ್ನರ್‌ನಲ್ಲಿ ಅದ್ದಿದ ಬಟ್ಟೆಯಿಂದ ಒರೆಸಿ, ಪೂರ್ತಿ ಒಣಗಿಸಿ. ಎಣ್ಣೆಯ ಪಸೆ ಸ್ವಲ್ಪವೂ ಉಳಿಯಬಾರದು. ಬೆರಳು ಸವರಿ ನೋಡಿದಾಗ ಎಲ್ಲಾದರೂ ಗೀಚು ಎದ್ದಿದ್ದರೆ ನುಣುಪಾದ ಎಣ್ಣೆಗಲ್ಲಿನಿಂದ ಆ ಉಬ್ಬನ್ನು ಮಾತ್ರ ಸಮಮಾಡಿ, ಮತ್ತೆ ಒರೆಸಿ. ನಂತರ ಚಕ್ಕಿನ ದವಡೆಗಳು ಪೂರ್ತಿ ಒಳಗೆ ಹೋಗುವಂತೆ ತಿರುಗಿಸಿಟ್ಟು, ಕೆಳಗಿನಿಂದ ಮರದ ಕೊಡತಿಯಲ್ಲಿ ಒಂದೆರಡು ಗಟ್ಟಿ ಏಟು ಕೊಡಿ. ಕಬ್ಬಿಣದ ಸುತ್ತಿಗೆಯಿಂದ ಹೊಡೆದರೆ ಚಕ್ಕೂ ಬೇರಿಂಗೂ ಕೆಡುತ್ತವೆ. ಬಿಟ್ಟನ್ನು ಬಿಗಿಯುವಾಗ ಚಕ್ ಕೀಲಿಯನ್ನು ಮೂರೂ ತೂತುಗಳಲ್ಲಿ ಹಾಕಿ ತಿರುಗಿಸಿ.

ನಡುಕಕ್ಕೆ ಇನ್ನೊಂದು ಕಾರಣ ಸ್ಪಿಂಡಲನ್ನು ಬಹಳ ಕೆಳಗೆ ಇಳಿಸಿ ಕೊರೆಯುವುದು. ಮಷಿನ್ನಿನ ಮೇಜನ್ನು ಸಾಧ್ಯವಾದಷ್ಟು ಮೇಲೆತ್ತಿ, ಸ್ಪಿಂಡಲ್ ಸ್ವಲ್ಪವೇ ಇಳಿದರೆ ಮರ ಮುಟ್ಟುವಂತೆ ಇಟ್ಟುಕೊಳ್ಳಿ. ಹಲಗೆಯ ಉದ್ದದ ಭಾಗ ನಿಮ್ಮ ಎಡಕ್ಕೆ ಚಾಚಿರಲಿ, ಅದರ ಹಿಂದಿನ ಅಂಚು ಕಂಬಕ್ಕೋ ಮೇಜಿಗೆ ಬಿಗಿದ ಪಟ್ಟಿಗೋ ತಾಗಿರಲಿ: ಬಿಟ್ ಕಚ್ಚಿಕೊಂಡು ಹಲಗೆಯನ್ನು ತಿರುಗಿಸಿದರೆ ಆ ತುದಿ ಹಿಂದಕ್ಕೆ ಹೋಗಿ ಅಲ್ಲೇ ತಡೆಯುತ್ತದೆ, ನಿಮ್ಮ ಹೊಟ್ಟೆಗೆ ಬೀಸುವುದಿಲ್ಲ. ಹಾಗಿದ್ದರೂ ಎರಡು ಕ್ಲಾಂಪ್ ಬೇಕೇ ಬೇಕು, ಕೈಗವಸು ಖಂಡಿತ ಬೇಡ.

ಬಿಟ್ಟಿನ ವಿಷಯಕ್ಕೆ ಬಂದರೆ, ತೇಗದಲ್ಲಿ ಸಿಲಿಕಾ ಇರುವುದರಿಂದ ಅಂಚು ಬೇಗ ಮೊಂಡಾಗುತ್ತದೆ. ನಿಮ್ಮ ಬಿಟ್ಟಿನ ಅಂಚು ನೀಲಿಗೆ ತಿರುಗಿದ್ದರೆ, ಅದು ಸಾಧಾರಣ ಕಾರ್ಬನ್ ಉಕ್ಕಿನದಾಗಿದ್ದಲ್ಲಿ ಹದ ಹೋಗಿದೆ ಎಂದೇ ತಿಳಿಯಬೇಕು. ಅದಕ್ಕೆ ಸಾಣೆ ಹಿಡಿದರೂ ಬಹಳ ಹೊತ್ತು ನಿಲ್ಲುವುದಿಲ್ಲ. ಹದ ಉಳಿದಿದ್ದರೆ ಒಳಗಿನ ಎರಡು ಉಳಿಯಂಥ ಬಾಯಿಗಳನ್ನು ಸಣ್ಣ ಕಲ್ಲಿನಿಂದ ಮಸೆಯಿರಿ, ಸುತ್ತಿನ ಅಂಚಿನ ಹೊರಮೈಯನ್ನು ಮುಟ್ಟಬೇಡಿ, ಮುಟ್ಟಿದರೆ ಅಳತೆ ಕಡಿಮೆಯಾಗಿ ಬಿಟ್ಟು ತೂತಿನಲ್ಲಿ ಸಿಕ್ಕಿಕೊಳ್ಳುತ್ತದೆ. ಹೊಸದು ಕೊಳ್ಳುವುದಾದರೆ ಸುತ್ತಲೂ ಗರಗಸದ ಹಲ್ಲಿರುವ ಬಗೆಯನ್ನು ಕೊಳ್ಳಿ. ಈ ಅಳತೆಗೆ ಅದು ಕಡಿಮೆ ಬಿಸಿಯಾಗುತ್ತದೆ. ಕೊರೆಯುವಾಗ ಮೂರು ನಾಲ್ಕು ಮಿ.ಮೀ.ಗೊಮ್ಮೆ ಮೇಲೆತ್ತಿ ಸಿಪ್ಪೆ ಹೊರಹಾಕಿ. ಸಿಪ್ಪೆಯ ಬದಲು ಕಂದು ಪುಡಿ ಬರುತ್ತಿದ್ದರೆ ಬಿಟ್ಟು ಮೊಂಡಾಗಿದೆ, ಇಲ್ಲವೇ ನೀವು ಒತ್ತುವುದು ಸಾಲದು. ತೀರಾ ಮೆಲ್ಲಗೆ ಒತ್ತಿದರೂ ಮರ ಸುಡುತ್ತದೆ.

ಇಷ್ಟಾದರೂ ಭಾರವೆನಿಸಿದರೆ, 60 ಮಿ.ಮೀ. ವೃತ್ತದ ಒಳಗೆ, ನಡುವಿನ ಮೊನೆಗೆ ಆಧಾರವಾಗುವ ಮರವನ್ನು ಬಿಟ್ಟು, 10 ಮಿ.ಮೀ. ಬಿಟ್ಟಿನಿಂದ ಆರೇಳು ತೂತು ಹೊಡೆದುಕೊಳ್ಳಿ. ದೊಡ್ಡ ಬಿಟ್ಟಿಗೆ ಕೆಲಸ ಗಣನೀಯವಾಗಿ ಇಳಿಯುತ್ತದೆ. ಅಂಚು ಖಾಲಿ ಜಾಗಗಳನ್ನು ದಾಟುವಾಗ ಸ್ವಲ್ಪ ಕುಟ್ಟುವುದರಿಂದ ಕೈಯ ಒತ್ತಡ ಮಾತ್ರ ಒಂದೇ ಸಮ ಇರಬೇಕು.

ವೇಗ ಇಳಿಸಿ, ಬೆಲ್ಟು ಮತ್ತು ಟೇಪರ್ ಸರಿಮಾಡಿದ ಮೇಲೂ ಮೋಟಾರು ಗುಂಯ್‌ಗುಟ್ಟಿ ನಿಂತರೆ ಕೂಡಲೇ ಸ್ವಿಚ್ ಆರಿಸಿ; ನಿಂತ ಮೋಟಾರು ಓಡುವಾಗಿನ ಹಲವು ಪಟ್ಟು ಕರೆಂಟು ಎಳೆದು ವೈಂಡಿಂಗ್ ಸುಡುತ್ತದೆ. ಉದ್ದದ, ತೆಳು ಎಕ್ಸ್‌ಟೆನ್ಶನ್ ವೈರನ್ನು ತೆಗೆದು ಗೋಡೆಯ ಸಾಕೆಟ್ಟಿಗೇ ಸೇರಿಸಿ ನೋಡಿ, ಕೊರೆಯುವಾಗ ವೋಲ್ಟೇಜ್ ಎಷ್ಟಕ್ಕೆ ಇಳಿಯುತ್ತದೆಂದು ಮೀಟರಿನಲ್ಲಿ ಅಳೆಯಿರಿ, ಕೆಪಾಸಿಟರನ್ನು ವೈಂಡಿಂಗ್ ಅಂಗಡಿಯಲ್ಲಿ ಪರೀಕ್ಷಿಸಿ. ಅವು ಮೂರೂ ಸರಿಯಿದ್ದರೆ ಆಗ ಒಂದು ಎಚ್‌ಪಿ ಮೋಟಾರಿನ ಬೆಲೆ ವಿಚಾರಿಸಬಹುದು.