5ಜಿ ನೆಟ್‌ವರ್ಕ್‌ನಲ್ಲಿ ಬೇಸ್ ಸ್ಟೇಷನ್ಅನ್ನು ಎರಡು ಭಾಗ ಮಾಡಬಹುದು: ಸೆಲ್‌ಗಳನ್ನು ನಡೆಸುವ ಡಿಯು (ಡಿಸ್ಟ್ರಿಬ್ಯೂಟೆಡ್ ಯೂನಿಟ್), ಹಲವು ಡಿಯುಗಳನ್ನು ನೋಡಿಕೊಳ್ಳುವ ಸಿಯು (ಸೆಂಟ್ರಲ್ ಯೂನಿಟ್). ಸಿಯು ದೂರ ಇದ್ದರೆ ಹ್ಯಾಂಡೋವರ್, ಅಂದರೆ ಫೋನ್ ಒಂದು ಸೆಲ್‌ನಿಂದ ಇನ್ನೊಂದಕ್ಕೆ ಹೋಗುವುದು, ನಿಧಾನ ಆಗುತ್ತಾ? ಡಿಯು ಪಕ್ಕಕ್ಕೇ ತಂದರೆ ಕಾಲ್ ಡ್ರಾಪ್ ನಿಲ್ಲುತ್ತಾ?

ನಿಲ್ಲುವುದಿಲ್ಲ. ಫೈಬರಿನಲ್ಲಿ ಒಂದು ಕಿಲೋಮೀಟರ್ ದಾಟಲು ಸುಮಾರು 5 ಮೈಕ್ರೋಸೆಕೆಂಡ್ ಸಾಕು. ಡಿಯು ವೈಟ್‌ಫೀಲ್ಡ್‌ನಲ್ಲಿದೆ, ಸಿಯು ಕೆಂಗೇರಿ ಕಡೆ ಇದೆ, ಕೇಬಲ್ ಊರೆಲ್ಲ ಸುತ್ತಿ 40 ಕಿ.ಮೀ. ಆಗಿದೆ ಅಂದುಕೊಳ್ಳಿ. ಆಗಲೂ ಬರೀ ಕೇಬಲ್‌ನಲ್ಲಿ ಹೋಗಿ ಬರಲು ಅರ್ಧ ಮಿಲಿಸೆಕೆಂಡ್ ಬೇಕಿಲ್ಲ. ಸಮಯ ಹೋಗುವುದೇ ಬೇರೆ ಕಡೆ.

ನಾನು ಬೆಂಗಳೂರಿನಲ್ಲಿ ನೆಟ್‌ವರ್ಕ್ ಆಪ್ಟಿಮೈಸೇಶನ್ ಕೆಲಸ ಮಾಡುತ್ತೇನೆ. ಮೆಟ್ರೋ ನೇರಳೆ ಮಾರ್ಗದಲ್ಲಿ ಎಂ.ಜಿ. ರೋಡ್ ಸ್ಟೇಷನ್ ಮೇಲೆ ಇದೆ, ಅದರ ಮುಂದಿನ ಕಬ್ಬನ್ ಪಾರ್ಕ್ ನೆಲದಡಿ ಇದೆ. ನಡುವೆ ರೈಲು ಸುರಂಗಕ್ಕೆ ಇಳಿಯುವ ಜಾಗದಲ್ಲಿ ಹೊರಗಿನ ಸೆಲ್‌ನ ಸಿಗ್ನಲ್ ಕೆಲವೇ ಸೆಕೆಂಡಿನಲ್ಲಿ ಬಿದ್ದುಹೋಗುತ್ತದೆ. ಒಂದು ಸಲ ಲ್ಯಾಪ್‌ಟಾಪ್ ತೊಡೆ ಮೇಲಿಟ್ಟುಕೊಂಡು ಆ ಜಾಗದಲ್ಲೇ ಮತ್ತೆ ಮತ್ತೆ ಓಡಾಡಿದೆ. ಫೋನಿನ ಲಾಗ್‌ನಲ್ಲಿ ಮೆಷರ್‌ಮೆಂಟ್ ರಿಪೋರ್ಟ್ (ಸುತ್ತಲಿನ ಸೆಲ್‌ಗಳ ಸಿಗ್ನಲ್ ಎಷ್ಟಿದೆ ಅನ್ನುವ ವರದಿ) ಹೋಗಿದೆ. ನೆಟ್‌ವರ್ಕ್ ಕಡೆಯ ಲಾಗ್‌ನಲ್ಲಿ ಹ್ಯಾಂಡೋವರ್ ಕಮಾಂಡ್ ಹೊರಟಿದೆ. ಫೋನಿಗೆ ಮಾತ್ರ ಅದು ಬಂದೇ ಇಲ್ಲ, ನೇರವಾಗಿ ರೇಡಿಯೋ ಲಿಂಕ್ ಫೇಲ್ಯೂರ್, ಅಂದರೆ ಸಂಪರ್ಕವೇ ಕಡಿದುಹೋಗಿದೆ. ಎರಡು ಲಾಗ್ ಅಕ್ಕಪಕ್ಕ ಇಟ್ಟು ನೋಡಿದಾಗ ನಿಜವಾದ ತೊಂದರೆ ಕಾಣಿಸಿತು: "ಆ ಸೆಲ್‌ಗೆ ಹೋಗು" ಅನ್ನುವ ಮಾತನ್ನು ಹೇಳಬೇಕಾದದ್ದು ಸಾಯುತ್ತಿರುವ ಹಳೇ ಸೆಲ್.

ಯಾಕೆ ಅಷ್ಟು ತಡ ಆಗುತ್ತದೆ ಅಂದರೆ, ಸಿಯು, ಡಿಯು ವಿಭಜನೆಯಲ್ಲಿ ಆರ್‌ಆರ್‌ಸಿ (ಫೋನಿಗೆ ಆದೇಶ ಕೊಡುವ ಪದರ), ಪಿಡಿಸಿಪಿ (ಡೇಟಾವನ್ನು ಗುಪ್ತಗೊಳಿಸುವ ಪದರ) ಸಿಯುನಲ್ಲಿರುತ್ತವೆ. ಆರ್‌ಎಲ್‌ಸಿ (ಡೇಟಾವನ್ನು ತುಂಡು ಮಾಡಿ ಕಳಿಸುವ ಪದರ), ಮ್ಯಾಕ್ (ಯಾರು ಯಾವಾಗ ಕಳಿಸಬೇಕು ಅಂತ ಹಂಚುವ ಪದರ) ಡಿಯುನಲ್ಲಿ. ನಡುವೆ ಎಫ್1 ಇಂಟರ್‌ಫೇಸ್, ಅಂದರೆ ಇವೆರಡೂ ಮಾತಾಡುವ ಸಂಪರ್ಕ. ಪಕ್ಕದ ಸೆಲ್ ಚೆನ್ನಾಗಿದೆ ಅಂತ ಕಂಡ ಮೇಲೂ ಫೋನ್ ಟೈಮ್-ಟು-ಟ್ರಿಗರ್ ಮುಗಿಯುವವರೆಗೆ ಕಾಯುತ್ತದೆ, 320 ಮಿಲಿಸೆಕೆಂಡ್ ಇಟ್ಟಿದ್ದರೆ ಅಷ್ಟೂ ಹೊತ್ತು. ಆಮೇಲೆ ರಿಪೋರ್ಟ್ ಸಿಯುಗೆ ಹೋಗಬೇಕು, ಸಿಯು ಹೊಸ ಡಿಯುಗೆ ಯುಇ ಕಾಂಟೆಕ್ಸ್ಟ್ ಸೆಟಪ್ (ಈ ಫೋನಿಗೆ ಜಾಗ ಸಿದ್ಧ ಮಾಡು ಅನ್ನುವ ಸಂದೇಶ) ಕಳಿಸಬೇಕು, ಉತ್ತರ ಬರಬೇಕು, ಆಗ ಕಮಾಂಡ್ ಹಳೇ ಡಿಯು ಮೂಲಕ ಫೋನಿಗೆ ಹೋಗಬೇಕು. ಫೋನ್ ಅದನ್ನು ಓದಿ, ಹೊಸ ಸೆಲ್‌ಗೆ ಸಿಂಕ್ ಆಗಿ, ರ‍್ಯಾಂಡಮ್ ಆಕ್ಸೆಸ್ (ಹೊಸ ಸೆಲ್‌ನ ಬಾಗಿಲು ತಟ್ಟಿ ಪ್ರವೇಶ ಕೇಳುವುದು) ಮಾಡಬೇಕು. ಇದರ ಮುಂದೆ ಕೇಬಲ್‌ನ ಅರ್ಧ ಮಿಲಿಸೆಕೆಂಡ್ ಲೆಕ್ಕಕ್ಕೇ ಇಲ್ಲ ಅಲ್ವಾ?

ಹಾಗಾಗಿ ಮಾಡಬೇಕಾದದ್ದು, ಸಿಗ್ನಲ್ ಚೆನ್ನಾಗಿರುವಾಗಲೇ ತಯಾರಿ ಮುಗಿಸುವುದು. 3ಜಿಪಿಪಿ ಮಾನದಂಡದ ರಿಲೀಸ್ 16ರಲ್ಲಿ ಬಂದ ಕಂಡಿಷನಲ್ ಹ್ಯಾಂಡೋವರ್ ಮಾಡುವುದು ಇದನ್ನೇ. ಹೋಗಬಹುದಾದ ಸೆಲ್‌ಗಳ ಕಾನ್ಫಿಗರೇಶನ್, ಜೊತೆಗೆ ಷರತ್ತು, ಎರಡನ್ನೂ ಫೋನಿಗೆ ಮುಂಚೆಯೇ ಕೊಟ್ಟಿಡುತ್ತಾರೆ. ಷರತ್ತು ಕೂಡಿಬಂದ ಕೂಡಲೇ ಫೋನ್ ಯಾರನ್ನೂ ಕೇಳದೆ ಹೊರಡುತ್ತದೆ. ಮನೆ ಬದಲಿಸುವಾಗ ಹೊಸ ಮನೆಗೆ ಅಡ್ವಾನ್ಸ್ ಕೊಟ್ಟು ಬೀಗದ ಕೈ ಇಸ್ಕೊಂಡು ಇಟ್ಟುಕೊಳ್ಳುತ್ತೇವಲ್ಲ, ಹಾಗೆ. ಆದರೆ ನಾಲ್ಕು ಮನೆಗೆ ಅಡ್ವಾನ್ಸ್ ಕೊಟ್ಟರೆ ದುಡ್ಡೆಲ್ಲ ಸುಮ್ನೆ ಸಿಕ್ಕಿಬೀಳುತ್ತದೆ. ಇಲ್ಲೂ ಅಷ್ಟೇ: ಪ್ರತಿ ಕ್ಯಾಂಡಿಡೇಟ್ ಡಿಯುನಲ್ಲಿ ಜಾಗ ಹಿಡಿದಿಡಬೇಕು, ಎಫ್1 ಸಂದೇಶಗಳೂ ಜಾಸ್ತಿ ಆಗುತ್ತವೆ. ಅದಕ್ಕೇ ಕ್ಯಾಂಡಿಡೇಟ್ ಎರಡೋ ಮೂರೋ ಸಾಕು ಅನ್ನುವುದು ನನ್ನ ಅಭಿಪ್ರಾಯ. ಅವುಗಳ ತಯಾರಿಯನ್ನು ಸಿಯು ಒಂದಾದ ಮೇಲೆ ಒಂದರಂತೆ ಕೇಳದೆ ಒಟ್ಟಿಗೇ ಕೇಳಲಿ.

ರಿಲೀಸ್ 18ರ ಎಲ್‌ಟಿಎಂ (ಎಲ್1/ಎಲ್2 ಟ್ರಿಗರ್ಡ್ ಮೊಬಿಲಿಟಿ, ಅಂದರೆ ಕೆಳಗಿನ ಪದರಗಳಿಂದಲೇ ಸೆಲ್ ಬದಲಿಸುವುದು) ಇನ್ನೂ ಒಂದು ಹೆಜ್ಜೆ ಮುಂದೆ ಹೋಗುತ್ತದೆ, ನನಗೆ ತುಂಬಾ ಇಷ್ಟವಾದದ್ದು ಇದೇ. ತಯಾರಿ ಸಿಯುನದೇ, ಆದರೆ ಕೊನೆಯ ತೀರ್ಮಾನ ಡಿಯುನದು. ಫೋನ್ ಎಲ್1 (ಎಲ್ಲಕ್ಕಿಂತ ಕೆಳಗಿನ, ರೇಡಿಯೋ ಪದರ) ಅಳತೆಯನ್ನು ಡಿಯುಗೆ ಕಳಿಸುತ್ತದೆ, ಡಿಯು ಒಂದು ಪುಟ್ಟ ಮ್ಯಾಕ್ ಕಮಾಂಡ್‌ನಲ್ಲಿ ಸೆಲ್ ಬದಲಿಸಲು ಹೇಳುತ್ತದೆ. ಹೊಸ ಸೆಲ್‌ನ ಟೈಮಿಂಗ್ ಅಡ್ವಾನ್ಸ್ (ಫೋನ್ ತನ್ನ ಸಿಗ್ನಲ್ ಎಷ್ಟು ಮುಂಚೆ ಕಳಿಸಬೇಕು ಅನ್ನುವ ಲೆಕ್ಕ) ಅನ್ನೂ ಮುಂಚೆಯೇ ಪಡೆಯಬಹುದು: ಫೋನ್ ಹಳೇ ಸೆಲ್‌ನಲ್ಲಿ ಇದ್ದುಕೊಂಡೇ ಹೊಸ ಸೆಲ್‌ಗೆ ಪ್ರಿಆಂಬಲ್ (ಗುರುತಿನ ಪುಟ್ಟ ಸಿಗ್ನಲ್) ಕಳಿಸುತ್ತದೆ, ಹೊಸ ಡಿಯು ಲೆಕ್ಕ ಹಾಕಿದ್ದನ್ನು ಸಿಯು ಮೂಲಕ ಹಳೇ ಡಿಯುಗೆ ತಿಳಿಸುತ್ತದೆ. ಆಗ ಬದಲಾಗುವ ಹೊತ್ತಿಗೆ ರ‍್ಯಾಂಡಮ್ ಆಕ್ಸೆಸ್ ಬೇಕಿಲ್ಲ. ರಿಲೀಸ್ 18ರಲ್ಲಿ ಇದು ಒಂದೇ ಸಿಯು ಒಳಗಿನ ಸೆಲ್‌ಗಳಿಗೆ ಮಾತ್ರ. ಅಲ್ಲಿ ಪಿಡಿಸಿಪಿ ಜಾಗ ಬದಲಾಗುವುದಿಲ್ಲ, ಸೆಕ್ಯುರಿಟಿ ಕೀ ಬದಲಿಸಬೇಕಾಗಿಲ್ಲ. ಸಿಯುಗಳ ನಡುವಿನದನ್ನು ರಿಲೀಸ್ 19ಕ್ಕೆ ಎತ್ತಿಕೊಂಡರು.

ಎಚ್ಚರ ವಹಿಸಬೇಕಾದ ಜಾಗವೂ ಇದೆ. ಎಲ್1 ಅಳತೆಗೆ ಎಲ್3ರ (ಆರ್‌ಆರ್‌ಸಿ ಇರುವ ಮೇಲಿನ ಪದರ) ಹಾಗೆ ಸೋಸುವಿಕೆ ಇರುವುದಿಲ್ಲ. ಔಟರ್ ರಿಂಗ್ ರೋಡಿನಲ್ಲಿ ಒಂದು ಅಂಡರ್‌ಪಾಸ್ ದಾಟುವಾಗ ಕ್ಷಣ ಬಿದ್ದು ಏಳುವ ಸಿಗ್ನಲ್ ನಂಬಿ ಡಿಯು ಸೆಲ್ ಬದಲಿಸಿದರೆ ಪಿಂಗ್-ಪಾಂಗ್, ಅಂದರೆ ಫೋನ್ ಎರಡು ಸೆಲ್‌ಗಳ ನಡುವೆ ಹಿಂದೆ ಮುಂದೆ ಓಡಾಡುವುದು, ಗ್ಯಾರಂಟಿ. ಡಿಯು ಒಳಗೇ ಸ್ವಲ್ಪ ಕಾಯುವ ಲೆಕ್ಕ ಬರೆಯಲೇಬೇಕು.

ಇಷ್ಟಕ್ಕೆಲ್ಲ ಕೈಹಾಕುವ ಮೊದಲು ನಿಮ್ಮ ಲಾಗ್ ನೋಡಿ. ಕಮಾಂಡ್ ಹೊರಟು ಫೋನಿಗೆ ತಲುಪದಿದ್ದರೆ ಹ್ಯಾಂಡೋವರ್ ತಡವಾಗಿದೆ. ತಲುಪಿ, ಹೊಸ ಸೆಲ್‌ನಲ್ಲಿ ಟಿ304 (ಹೊಸ ಸೆಲ್ ಸೇರಲು ಇರುವ ಗಡುವಿನ ಟೈಮರ್) ಮುಗಿದುಹೋಗಿದ್ದರೆ ಬೇಗ ಆಗಿರಬಹುದು, ಇಲ್ಲವೇ ತಪ್ಪು ಸೆಲ್‌ಗೆ ಹೋಗಿರಬಹುದು, ಅಲ್ಲಿ ಕಂಡಿಷನಲ್ ಹ್ಯಾಂಡೋವರ್ ಹಾಕಿದರೂ ಷರತ್ತೇ ತಪ್ಪಿದ್ದರೆ ಪ್ರಯೋಜನ ಇಲ್ಲ. ಆ ಸುರಂಗದ ಬಾಯಲ್ಲಿ ನಾವು ಮೊದಲು ಮಾಡಿದ್ದು ಚಿಕ್ಕ ಕೆಲಸ: ಸುರಂಗದ ಸೆಲ್ ಒಂದಕ್ಕೇ ಆಫ್‌ಸೆಟ್ (ಹೋಲಿಸುವಾಗ ಆ ಸೆಲ್‌ಗೆ ಸೇರಿಸುವ ಅಂಕ) ಹೆಚ್ಚಿಸಿ, ಟೈಮ್-ಟು-ಟ್ರಿಗರ್ 320ರಿಂದ 100ಕ್ಕೆ ಇಳಿಸಿದೆವು. ಮಾರನೇ ದಿನ ಅದೇ ರೈಲಿನಲ್ಲಿ ಹೋದಾಗ, ರೈಲು ಎಂ.ಜಿ. ರೋಡ್ ಪ್ಲಾಟ್‌ಫಾರ್ಮ್ ಬಿಟ್ಟು ಇಳಿಜಾರಿಗೆ ಬರುವಷ್ಟರಲ್ಲೇ ಫೋನಿನ ಲಾಗ್‌ನಲ್ಲಿ ಕಮಾಂಡ್ ಬಂದು ಕೂತಿತ್ತು.