ಕಾರು ಲೀಸ್‌ಗೋ, ಸ್ವಂತಕ್ಕೋ? ಕಂತು ನೋಡಬೇಡಿ, ವರ್ಷ ನೋಡಿ

ಪ್ರಶ್ನೆ: ಮೇಡಂ, ನಾನು ಆಸ್ಪತ್ರೆಯಲ್ಲಿ ನರ್ಸ್. ರಾತ್ರಿ ಪಾಳಿ ಮುಗಿಯುವ ಹೊತ್ತಿಗೆ ಬಸ್ ಇರುವುದಿಲ್ಲ. ಮನೆಯಿಂದ ಕೆಲಸಕ್ಕೆ 28 ಕಿ.ಮೀ. ದೂರ. ಹೊಸ ಕಾರಿನ ಬೆಲೆಯ ಐದನೇ ಒಂದು ಭಾಗದಷ್ಟು ಉಳಿತಾಯ ಇದೆ. ಲೀಸ್‌ಗೆ ತಗೊಂಡರೆ ಕಂತು ಕಡಿಮೆ, ಮೂರು ವರ್ಷಕ್ಕೊಮ್ಮೆ ಹೊಸ ಕಾರು ಎಂದು ಶೋರೂಂನವರು ಹೇಳುತ್ತಾರೆ. ಸಾಲ ಮಾಡಿಯಾದರೂ ಸ್ವಂತದ್ದೇ ತಗೋ ಎನ್ನುತ್ತಾನೆ ತಮ್ಮ. ಅಪ್ಪ ಮಾತ್ರ ಎರಡೂ ಬೇಡ, ಸೆಕೆಂಡ್ ಹ್ಯಾಂಡ್ ನೋಡು ಎನ್ನುತ್ತಾರೆ. ಯಾರ ಮಾತು ಕೇಳಲಿ?

ಉತ್ತರ: ಅಪ್ಪನ ಮಾತು ಕೇಳಿ. ಹಾಗಂತ ಉಳಿದಿಬ್ಬರು ಸುಳ್ಳು ಹೇಳುತ್ತಿದ್ದಾರೆ ಎಂದಲ್ಲ. ಅವರು ಪೂರ್ತಿ ಲೆಕ್ಕ ಹೇಳುತ್ತಿಲ್ಲ, ಅಷ್ಟೇ.

ಲೀಸ್ ಎಂದರೆ ಕಾರು ಕಂಪನಿಯದ್ದೇ, ನೀವು ಕಂತು ಕಟ್ಟಿ ಓಡಿಸಿ, ಅವಧಿ ಮುಗಿದ ಮೇಲೆ ವಾಪಸ್ ಕೊಡುವುದು. ಕಾರಿನ ಬೆಲೆ 100 ಎಂದಿಟ್ಟುಕೊಳ್ಳಿ. ನಿಮ್ಮ ಉಳಿತಾಯವನ್ನು ಸದ್ಯ ಮುಟ್ಟುವುದು ಬೇಡ. ಮೂರು ವರ್ಷ ಕಳೆದ ಮೇಲೆ ಆ ಕಾರಿಗೆ 55 ಬೆಲೆ ಬರುತ್ತದೆ ಎಂದು ಲೀಸ್ ಕಂಪನಿ ಮೊದಲೇ ಅಂದಾಜು ಮಾಡುತ್ತದೆ. ಅಂದರೆ ನಿಮ್ಮ ಕೈಯಲ್ಲಿದ್ದಾಗ ಕರಗುವುದು 45. ಅದನ್ನು 36 ತಿಂಗಳಿಗೆ ಹಂಚಿದರೆ ತಿಂಗಳಿಗೆ 1.25. ಇದರ ಮೇಲೆ ಬಡ್ಡಿ. ಬಡ್ಡಿ ಬೀಳುವುದು ಬರೀ 45ರ ಮೇಲಲ್ಲ, ಇಡೀ ಕಾರಿನ ಮೇಲೆ. ಏಕೆಂದರೆ ಕಂಪನಿಯ ದುಡ್ಡು ಇಡೀ ಕಾರಿನಲ್ಲಿ ಸಿಕ್ಕಿಕೊಂಡಿದೆ, ಅಲ್ವಾ? ಆ ದುಡ್ಡು 100ರಿಂದ 55ಕ್ಕೆ ಇಳಿಯುತ್ತಾ ಬರುವುದರಿಂದ ಸರಾಸರಿ 77.5ರ ಮೇಲೆ ವರ್ಷಕ್ಕೆ ಶೇ. 9ರಂತೆ ಹಿಡಿದರೆ ಅದು ತಿಂಗಳಿಗೆ 0.58 ಆಗುತ್ತದೆ. ಒಟ್ಟು ಕಂತು 1.83. ತೆರಿಗೆ ಬೇರೆ.

ಲೀಸ್ ಪತ್ರದಲ್ಲಿ ಬಡ್ಡಿಯನ್ನು ಶೇಕಡಾ ಲೆಕ್ಕದಲ್ಲಿ ಬರೆಯದೆ 0.00375 ಥರದ ಪುಟ್ಟ ಸಂಖ್ಯೆ ಕೊಟ್ಟಿದ್ದರೆ ಅದಕ್ಕೆ ಮನಿ ಫ್ಯಾಕ್ಟರ್ ಎನ್ನುತ್ತಾರೆ. ಅದನ್ನು 2400ರಿಂದ ಗುಣಿಸಿ. 9 ಬಂತು ನೋಡಿ, ಅದೇ ನಿಮ್ಮ ಬಡ್ಡಿ ದರ. ಇಷ್ಟು ಪುಟ್ಟ ಸಂಖ್ಯೆ ಬರೆದರೆ ಯಾರಿಗೂ ಭಯ ಆಗುವುದಿಲ್ಲ ಎನ್ನುವುದು ಅವರಿಗೂ ಗೊತ್ತು.

ಈಗ ತಮ್ಮನ ದಾರಿ. ಅದೇ 100ಕ್ಕೆ ಅದೇ ಶೇ. 9ರಲ್ಲಿ ಐದು ವರ್ಷದ ಸಾಲ ತೆಗೆದರೆ ಕಂತು 2.08. ಲೀಸ್‌ಗಿಂತ ಜಾಸ್ತಿ. ಶೋರೂಂನವರು ತೋರಿಸುವುದು ಇಷ್ಟನ್ನೇ. ಆದರೆ ಮೂರನೇ ವರ್ಷದ ಕೊನೆಗೆ ನಿಂತು ನೋಡಿ. ಸಾಲದವರು ಅಷ್ಟು ಹೊತ್ತಿಗೆ ಕಟ್ಟಿರುವುದು ಸುಮಾರು 75, ಬಾಕಿ 45. ಕಾರಿಗೆ 55 ಬೆಲೆ ಇದೆ. ಮಾರಿ ಸಾಲ ತೀರಿಸಿದರೆ ಸುಮಾರು 10 ಕೈಗೆ ಬರುತ್ತದೆ. ಹೋದದ್ದು 65. ಲೀಸ್‌ನವರು ಕಟ್ಟಿದ್ದು 66. ಇಬ್ಬರಿಗೂ ಹೆಚ್ಚುಕಡಿಮೆ ಅಷ್ಟೇ ಖರ್ಚು! ಮೂರು ವರ್ಷಕ್ಕೆ ಕಾರು ಬದಲಿಸುವ ಚಾಳಿ ಇದ್ದವರಿಗೆ ಲೀಸ್ ಆದರೇನು, ಸಾಲ ಆದರೇನು.

ವ್ಯತ್ಯಾಸ ಶುರುವಾಗುವುದೇ ಐದನೇ ವರ್ಷ ಮುಗಿದ ಮೇಲೆ. ಸಾಲ ತೀರಿದ ಕಾರಿಗೆ ಕಂತಿಲ್ಲ. ಹತ್ತು ವರ್ಷ ಇಟ್ಟುಕೊಂಡರೆ ಸಾಲಕ್ಕೆ ಹೋದದ್ದು 125. ಹಳೆಯದಾದ ಮೇಲಿನ ರಿಪೇರಿಗೆ ಧಾರಾಳವಾಗಿ ಇನ್ನೊಂದು 25 ಸೇರಿಸಿ. ಕೊನೆಗೆ ಮಾರಿದಾಗ 15 ಬಂತು ಎಂದರೆ ಖರ್ಚು 135. ಹತ್ತು ವರ್ಷ ಲೀಸ್ ಮೇಲೆ ಲೀಸ್ ಮಾಡುತ್ತಾ ಹೋದವರು ಕಟ್ಟುವುದು 220. ಅದೂ ಹೊಸ ಕಾರಿನ ಬೆಲೆ ಏರುವುದೇ ಇಲ್ಲ ಎಂದುಕೊಂಡರೆ. ಹಾಗಾಗಿ ತಿಂಗಳ ಕಂತು ಎಷ್ಟು ಎಂದು ಕೇಳುವ ಮೊದಲು, ಈ ಕಾರು ನನ್ನ ಹತ್ತಿರ ಎಷ್ಟು ವರ್ಷ ಇರುತ್ತದೆ ಎಂದು ಕೇಳಿಕೊಳ್ಳಿ. ರಾತ್ರಿ ಪಾಳಿಗೆ ಹೋಗಿ ಬರಲು ಕಾರು ಬೇಕು ಎನ್ನುವವರು ಮೂರು ವರ್ಷಕ್ಕೆ ಬಣ್ಣ ಬೇಜಾರಾಗಿ ಬದಲಿಸುವವರಲ್ಲ ಎಂದು ನನ್ನ ಅಂದಾಜು.

ಇನ್ನೊಂದು ವಿಷಯ. ನಿಮ್ಮ 28 ಕಿ.ಮೀ. ಹೋಗಿ ಬರುವುದು ದಿನಕ್ಕೆ 56. ತಿಂಗಳಿಗೆ 25 ದಿನ ಎಂದರೆ 1,400, ವರ್ಷಕ್ಕೆ 16,800. ಇದು ಬರೀ ಕೆಲಸದ ಓಡಾಟ. ಲೀಸ್‌ನಲ್ಲಿ ಕಿಲೋಮೀಟರ್ ಮಿತಿ ಇರುತ್ತದೆ. ವರ್ಷಕ್ಕೆ 15,000 ಎಂದು ಬರೆದಿದ್ದರೆ ಮೂರು ವರ್ಷದಲ್ಲಿ ನೀವು 5,400 ಕಿ.ಮೀ. ಮೀರುತ್ತೀರಿ. ಒಂದೊಂದು ಕಿಲೋಮೀಟರಿಗೂ ದಂಡ ಕಟ್ಟಬೇಕು. ಆ ದಂಡದ ದರ ಪತ್ರದಲ್ಲೇ ಇರುತ್ತದೆ. ಸಹಿ ಹಾಕುವಾಗ ಯಾರೂ ಓದುವುದಿಲ್ಲ.

ನನಗೆ ಇದೆಲ್ಲ ಹೇಗೆ ಗೊತ್ತು ಎಂದರೆ, ಲೀಸ್ ಮುಗಿದ ಕಾರುಗಳು ವಾಪಸ್ ಬರುವ ಯಾರ್ಡ್‌ನಲ್ಲಿ ತಪಾಸಣೆ ಮಾಡುವುದು ನನ್ನ ಕೆಲಸವಾಗಿತ್ತು. ಒಂದು ಕೈಯಲ್ಲಿ ಟಾರ್ಚು, ಇನ್ನೊಂದರಲ್ಲಿ ಪಟ್ಟಿ. ನಗುನಗುತ್ತಾ ಕೀ ಕೊಡಲು ಬಂದವರ ಮುಖ ಪಟ್ಟಿ ಉದ್ದವಾದ ಹಾಗೆ ಸಣ್ಣಗಾಗುತ್ತಿತ್ತು. ಚಿಕ್ಕ ಗೀರು, ನಾಣ್ಯದಷ್ಟು ಡೆಂಟ್ ಇದ್ದರೆ ಸಹಜ ಸವೆತ ಎಂದು ಬಿಡುತ್ತಿದ್ದೆವು. ಬಂಪರ್ ಒಡೆದಿದ್ದರೆ, ಚಕ್ರದ ರಿಮ್ ಫುಟ್‌ಪಾತಿಗೆ ಉಜ್ಜಿದ್ದರೆ, ಮುಂದಿನ ಗಾಜಿನಲ್ಲಿ ಕಲ್ಲು ಬಿದ್ದ ಬಿರುಕು ಇದ್ದರೆ ದುಡ್ಡು. ಸೀಟಿನಲ್ಲಿ ಸಿಗರೇಟು ಸುಟ್ಟ ತೂತು ಇದ್ದರೆ ದುಡ್ಡು. ಎರಡನೇ ಕೀ ಇಲ್ಲವೇ, ಅದಕ್ಕೂ ದುಡ್ಡು. ಈಗಿನ ಕೀ ಎಂದರೆ ಕಬ್ಬಿಣದ ತುಂಡಲ್ಲ, ಒಳಗೆ ಚಿಪ್ ಇರುತ್ತದೆ, ಹೊಸದನ್ನು ಗಾಡಿಗೆ ಜೋಡಿಸಬೇಕು. ಟೈರಿನ ಗ್ರಿಪ್ ಎಷ್ಟು ಮಿಲಿಮೀಟರ್ ಉಳಿದಿದೆ ಎಂದೂ ಅಳೆಯುತ್ತಿದ್ದೆ. ಅನೇಕ ದೇಶಗಳ ಕಾನೂನಿನಲ್ಲಿ ಕನಿಷ್ಠ 1.6 ಮಿ.ಮೀ. ಸಾಕು. ಲೀಸ್ ಪತ್ರ ಅದಕ್ಕಿಂತ ಜಾಸ್ತಿ ಕೇಳಬಹುದು. ಮಕ್ಕಳ ಸೀಟು ಕಟ್ಟಿ ಹಿಂದಿನ ಸೀಟಿನಲ್ಲಿ ಗುಳಿ ಬಿದ್ದ ಕಾರು ಬಂದಾಗ ನನಗೇ ಕಷ್ಟವಾಗುತ್ತಿತ್ತು. ಮಗು ಇದ್ದ ಮನೆಯ ಕಾರು ಮತ್ತೆ ಹೇಗಿರಬೇಕು ಹೇಳಿ? ಈ ಯಾವ ಖರ್ಚೂ ತಿಂಗಳ ಕಂತಿನಲ್ಲಿ ಕಾಣುವುದಿಲ್ಲ.

ಈಗ ಅಪ್ಪನ ಮಾತು. ಆ 45 ಕರಗಿತಲ್ಲ, ಅದನ್ನು ಬೇರೆಯವರು ಕಟ್ಟಲಿ. ಮೂರು ವರ್ಷ ಓಡಿದ ಅದೇ ಕಾರನ್ನು 55ಕ್ಕೆ ತಗೊಳ್ಳಿ. ನಿಮ್ಮ ಹತ್ತಿರ 20 ಇದೆ. ಅದರಲ್ಲಿ 16 ಮುಂಗಡ ಕೊಟ್ಟು 4ನ್ನು ರಿಪೇರಿಗೆ ಎತ್ತಿಡಿ. ಉಳಿದ 39ಕ್ಕೆ ಮೂರು ವರ್ಷದ ಸಾಲ. ಹಳೆ ಕಾರಿಗೆ ಬಡ್ಡಿ ಸ್ವಲ್ಪ ಜಾಸ್ತಿ ಇರುತ್ತದೆ, ಶೇ. 11 ಎಂದೇ ಹಿಡಿಯಿರಿ. ಕಂತು 1.28. ಲೀಸ್‌ನ 1.83ಕ್ಕಿಂತ ಕಡಿಮೆ. ಮೂರು ವರ್ಷಕ್ಕೆ ಸಾಲ ತೀರಿ ಕಾರು ನಿಮ್ಮದಾಗುತ್ತದೆ. ಕಿಲೋಮೀಟರ್ ಎಣಿಸುವವರಿಲ್ಲ, ಟಾರ್ಚು ಹಿಡಿದು ಬರುವವರಿಲ್ಲ. ನಿಮ್ಮ ಕಡೆಯ ಬೆಲೆ, ಬಡ್ಡಿ ಬೇರೆ ಇರಬಹುದು. ಅಂಕಿ ಬದಲಿಸಿ, ಲೆಕ್ಕ ಇದೇ ಥರ ಹಾಕಿ.

ಪ್ರಶ್ನೆ: ಲೀಸ್‌ಗೆ ಮೊದಲೇ ದೊಡ್ಡ ಮೊತ್ತ ಕಟ್ಟಿದರೆ ಕಂತು ಅರ್ಧಕ್ಕೆ ಇಳಿಯುತ್ತದಂತೆ. ಕಟ್ಟಲೇ?

ಉತ್ತರ: ಬೇಡ. ಕಾರು ನಿಮ್ಮದಲ್ಲ. ಎರಡನೇ ತಿಂಗಳಲ್ಲೇ ಅಪಘಾತವಾಗಿ ಅದು ಗುಜರಿಗೆ ಹೋಯಿತು ಎಂದುಕೊಳ್ಳಿ. ವಿಮೆಯ ಹಣ ಹೋಗುವುದು ಲೀಸ್ ಕಂಪನಿಗೆ. ನೀವು ಮುಂಗಡ ಕಟ್ಟಿದ್ದು ಸಾಮಾನ್ಯವಾಗಿ ವಾಪಸ್ ಬರುವುದಿಲ್ಲ. ಅಷ್ಟು ಹಣ ಇದ್ದರೆ ಬ್ಯಾಂಕಿನಲ್ಲಿಟ್ಟು ಅದರಿಂದಲೇ ತಿಂಗಳ ಕಂತು ಕಟ್ಟುತ್ತಾ ಬನ್ನಿ.

ಪ್ರಶ್ನೆ: ಮೇಡಂ, ಫೈನಾನ್ಸ್‌ನವರು ಶೇ. 10 ಫ್ಲಾಟ್ ರೇಟ್ ಎನ್ನುತ್ತಾರೆ. ಬ್ಯಾಂಕಿನವರು ಶೇ. 14 ಹೇಳುತ್ತಾರೆ. ಹತ್ತೇ ಕಡಿಮೆ ಎಂದು ನನ್ನ ಯಜಮಾನರ ವಾದ. ನನಗೆ ಯಾಕೋ ಅನುಮಾನ.

ಉತ್ತರ: ನಿಮ್ಮ ಅನುಮಾನ ಸರಿ. ಫ್ಲಾಟ್ ಎಂದರೆ ಪೂರ್ತಿ ಸಾಲದ ಮೇಲೆ ಕೊನೆಯ ತಿಂಗಳವರೆಗೂ ಬಡ್ಡಿ. ನೀವು ಅರ್ಧ ತೀರಿಸಿದ ಮೇಲೂ ಬಡ್ಡಿ ಇಳಿಯುವುದಿಲ್ಲ. 100ಕ್ಕೆ ಐದು ವರ್ಷ ಶೇ. 10 ಎಂದರೆ ಬಡ್ಡಿ 50. ಕಟ್ಟುವುದು 150, ತಿಂಗಳಿಗೆ 2.50. ಬ್ಯಾಂಕು ಬಾಕಿ ಉಳಿದದ್ದಕ್ಕೆ ಮಾತ್ರ ಬಡ್ಡಿ ಹಾಕುವುದಾದರೆ ಶೇ. 14ರಲ್ಲಿ ಕಂತು 2.33, ಒಟ್ಟು 140. ಆ ಹತ್ತು ಪರ್ಸೆಂಟು ಬ್ಯಾಂಕಿನ ಲೆಕ್ಕದಲ್ಲಿ ಹದಿನೇಳಕ್ಕೂ ಮೇಲೆ ಹೋಗುತ್ತದೆ. ಯಜಮಾನರ ಹತ್ತಿರ ವಾದ ಮಾಡಬೇಡಿ. ಎರಡೂ ಕಡೆ ‘ಕೊನೆಗೆ ಒಟ್ಟು ಎಷ್ಟು ಕಟ್ಟಿರುತ್ತೇವೆ’ ಎಂದು ಬರೆಸಿಕೊಂಡು ಬಂದು ಟೇಬಲ್ ಮೇಲಿಡಿ, ಸಾಕು.

ಪ್ರಶ್ನೆ: ಐದರ ಬದಲು ಏಳು ವರ್ಷಕ್ಕೆ ಸಾಲ ಮಾಡಿದರೆ ಇನ್ನೂ ದೊಡ್ಡ ಕಾರು ಬರುತ್ತದಲ್ಲ?

ಉತ್ತರ: ಬರುತ್ತದೆ. ಹೋಗುವುದೂ ದೊಡ್ಡದೇ. ಶೇ. 9ರಲ್ಲಿ 100ಕ್ಕೆ ಐದು ವರ್ಷದ ಬಡ್ಡಿ 25ರ ಹತ್ತಿರ, ಏಳು ವರ್ಷಕ್ಕೆ 35. ಮೊದಲ ಕೆಲವು ವರ್ಷ ಕಾರಿನ ಬೆಲೆಗಿಂತ ನಿಮ್ಮ ಬಾಕಿಯೇ ಜಾಸ್ತಿ ಇರುವ ಸಂಭವ ಇದೆ. ಆಗ ಕೆಲಸ ಹೋದರೆ ಕಾರು ಮಾರಿದರೂ ಸಾಲ ತೀರುವುದಿಲ್ಲ. ಚಿಕ್ಕ ಕಾರೇ ಇರಲಿ.

ಪ್ರಶ್ನೆ: ಎಲೆಕ್ಟ್ರಿಕ್ ಕಾರಿಗೂ ನೀವು ಇದೇ ಮಾತು ಹೇಳುತ್ತೀರಾ?

ಉತ್ತರ: ಇಲ್ಲ, ಇಲ್ಲಿ ಲೀಸ್ ಪರವಾಗಿ ಒಂದು ಮಾತು ಹೇಳಬೇಕು. ಈ ಕಾರುಗಳು ಬೇಗ ಬದಲಾಗುತ್ತಿವೆ. 2010ರಲ್ಲಿ ನಿಸ್ಸಾನ್ ಲೀಫ್ ಬಂದಾಗ ಅದರ ಬ್ಯಾಟರಿ 24 ಕಿಲೋವ್ಯಾಟ್ ಅವರ್. 2017ರಲ್ಲಿ ಬಂದ ಹೊಸ ಮಾದರಿಗೆ 40. ಪಕ್ಕದಲ್ಲೇ ಅದಕ್ಕಿಂತ ದೂರ ಓಡುವ ಹೊಸದು ನಿಂತಿರುವಾಗ ಹಳೆಯದಕ್ಕೆ ಯಾರು ಜಾಸ್ತಿ ಕೊಡುತ್ತಾರೆ? ಬೆಲೆ ಅಂದಾಜಿಗಿಂತ ಕೆಳಗೆ ಬಿದ್ದರೆ ಆ ನಷ್ಟ ಸಾಮಾನ್ಯವಾಗಿ ಲೀಸ್ ಕಂಪನಿಯದ್ದು, ನಿಮ್ಮದಲ್ಲ. ಅದೇ ಕಾರಣಕ್ಕೆ ಸೆಕೆಂಡ್ ಹ್ಯಾಂಡ್ ಎಲೆಕ್ಟ್ರಿಕ್ ಕಾರು ಅಗ್ಗಕ್ಕೆ ಸಿಗುವುದೂ ಉಂಟು. ಅನೇಕ ಕಂಪನಿಗಳು ಬ್ಯಾಟರಿಗೆ 8 ವರ್ಷ ಅಥವಾ 1,60,000 ಕಿ.ಮೀ. ವಾರಂಟಿ ಕೊಡುತ್ತವೆ. ಎರಡರಲ್ಲಿ ಯಾವುದು ಮೊದಲು ಬರುತ್ತದೋ ಅಲ್ಲಿಗೆ ಮುಗಿಯಿತು. ಅದು ಎಷ್ಟು ಉಳಿದಿದೆ, ಎರಡನೇ ಮಾಲೀಕರಿಗೂ ಅನ್ವಯಿಸುತ್ತದೆಯೇ ಎಂದು ಕೇಳದೆ ಮುಂಗಡ ಕೊಡಬೇಡಿ.

ಪ್ರಶ್ನೆ: ಸೆಕೆಂಡ್ ಹ್ಯಾಂಡ್ ತಗೊಳ್ಳಲು ಮನಸ್ಸಿದೆ. ಆದರೆ ಎಂಜಿನ್ ಎತ್ತ, ಬ್ಯಾಟರಿ ಎತ್ತ ಎಂಬುದೂ ನನಗೆ ಗೊತ್ತಿಲ್ಲ. ಮೋಸ ಹೋಗುವ ಭಯ.

ಉತ್ತರ: ಎಂಜಿನ್ ಗೊತ್ತಿಲ್ಲದಿದ್ದರೂ ನೋಡಬಹುದಾದ್ದು ಬೇಕಾದಷ್ಟಿದೆ. ಹಗಲಲ್ಲೇ ಹೋಗಿ, ಮಳೆಯಲ್ಲಿ ಬೇಡ. ಒದ್ದೆ ಕಾರಿನ ಮೇಲೆ ಗೀರು, ಬಣ್ಣದ ತೇಪೆ ಕಾಣುವುದಿಲ್ಲ. ನಾನು ಬರುವ ಮುಂಚೆ ಗಾಡಿ ಸ್ಟಾರ್ಟ್ ಮಾಡಬೇಡಿ ಎಂದು ಮೊದಲೇ ಹೇಳಿ. ಬಾನೆಟ್ ಮುಟ್ಟಿ ನೋಡಿ, ಬಿಸಿ ಇದ್ದರೆ ಯಾಕೆ ಎಂದು ಕೇಳಿ. ಎಂಜಿನ್ನಿನ ಎಷ್ಟೋ ರೋಗ ತಣ್ಣಗಿದ್ದಾಗ ಮಾತ್ರ ಗೊತ್ತಾಗುತ್ತದೆ. ಸೀಟ್ ಬೆಲ್ಟನ್ನು ಕೊನೆಯವರೆಗೂ ಎಳೆಯಿರಿ. ತುದಿಯಲ್ಲಿ ಕೆಸರಿನ ಕಲೆ ಇದ್ದರೆ ಗಾಡಿಗೆ ನೀರು ನುಗ್ಗಿರಬಹುದು. ಟೈರಿನ ಪಕ್ಕದಲ್ಲಿ ನಾಲ್ಕು ಅಂಕಿ ಇರುತ್ತದೆ. 3521 ಎಂದರೆ 2021ರ 35ನೇ ವಾರ ತಯಾರಾದದ್ದು. ಮೀಟರ್ 20,000 ಕಿ.ಮೀ. ತೋರಿಸುತ್ತಿದ್ದು, ಟೈರುಗಳು ಕಾರಿಗಿಂತ ಎರಡು ವರ್ಷ ಹೊಸದಾಗಿದ್ದರೆ ಅಷ್ಟು ಬೇಗ ಯಾಕೆ ಬದಲಿಸಿದರು ಎಂದು ಕೇಳಿ. ಕ್ಲಚ್, ಬ್ರೇಕ್ ಪೆಡಲಿನ ರಬ್ಬರು, ಸ್ಟೀರಿಂಗಿನ ಚರ್ಮ ಎಷ್ಟು ಸವೆದಿದೆ ನೋಡಿ. ಮೀಟರ್ ತಿರುಗಿಸುವವರು ಇವನ್ನು ಬದಲಿಸಲು ಮರೆಯುತ್ತಾರೆ.

ಇಷ್ಟಾದ ಮೇಲೂ ಒಬ್ಬ ಮೆಕ್ಯಾನಿಕ್‌ಗೆ ಫೀಸು ಕೊಟ್ಟು ತೋರಿಸಿ. ಮಾರುವವರಿಗೆ ಗೊತ್ತಿರುವ ಮೆಕ್ಯಾನಿಕ್ ಬೇಡ, ನೀವೇ ಹುಡುಕಿದವರು ಇರಲಿ. ಅವರು ಗಾಡಿಯ ಕಂಪ್ಯೂಟರ್ ಓದುವ ಸ್ಕ್ಯಾನರ್ ಹಾಕಿದಾಗ ಎರಡು ಪ್ರಶ್ನೆ ಕೇಳಿ: ದೋಷದ ಕೋಡ್ ಇದೆಯೇ, ಇತ್ತೀಚೆಗೆ ಯಾರಾದರೂ ಅಳಿಸಿದ್ದಾರೆಯೇ. ಕೋಡ್ ಅಳಿಸಿದ ಮೇಲೆ ಗಾಡಿಯ ಸ್ವಯಂ ಪರೀಕ್ಷೆಗಳು ಮತ್ತೆ ಮೊದಲಿನಿಂದ ಶುರುವಾಗುತ್ತವೆ. ಅವು ಇನ್ನೂ ಪೂರ್ತಿಯಾಗಿಲ್ಲ ಎಂದು ಸ್ಕ್ಯಾನರ್ ತೋರಿಸಿದರೆ ನಿಮಗೆ ತೋರಿಸುವ ಮೊದಲು ಯಾರೋ ಎಚ್ಚರಿಕೆ ದೀಪ ಆರಿಸಿರಬಹುದು. ಬ್ಯಾಟರಿ ಬಿಚ್ಚಿ ಹಾಕಿದರೂ ಹಾಗೆ ತೋರಿಸಬಹುದು, ಆದ್ದರಿಂದ ಜಗಳ ಮಾಡಬೇಡಿ. ಕೆಲವು ದಿನ ಬಿಟ್ಟು ಬಂದು ಮತ್ತೆ ನೋಡುತ್ತೇನೆ ಎನ್ನಿ. ಅದಕ್ಕೆ ಒಪ್ಪದಿದ್ದರೆ, ಅಥವಾ ಮೆಕ್ಯಾನಿಕ್ ಹತ್ತಿರ ತರುವುದೇ ಇಲ್ಲ ಎಂದರೆ, ಬೇರೆ ಕಾರು ನೋಡಿ.