20 ಗೆಲುವಿದ್ದರೂ ತಂಡ ಪಟ್ಟಿಯಲ್ಲಿ ಯಾಕಿಲ್ಲ?

ಅಮೆರಿಕದ ಕಾಲೇಜು ಬ್ಯಾಸ್ಕೆಟ್‌ಬಾಲ್‌ನಲ್ಲಿ 20 ಪಂದ್ಯ ಗೆದ್ದರೂ ಎನ್‌ಸಿಎಎ ಟೂರ್ನಿಗೆ ಆಯ್ಕೆಯಾಗಬಹುದಾದ ತಂಡಗಳ ಅಂದಾಜು ಪಟ್ಟಿಗಳಲ್ಲಿ ನಿಮ್ಮ ತಂಡ ಇಲ್ಲ ಅಂದರೆ, ಗೆಲುವು ಜಾಸ್ತಿ ದುರ್ಬಲ ತಂಡಗಳ ಮೇಲೆ ಬಂದಿರಬೇಕು. ಫಲಿತಾಂಶಗಳನ್ನು ನೋಡದೆ ಖಚಿತವಾಗಿ ಹೇಳಲಾರೆ. ಮೊದಲು ಪುರುಷರ ತಂಡಗಳಿಗೆ ಎನ್‌ಸಿಎಎ ಕೊಡುವ ನೆಟ್ ರ‍್ಯಾಂಕಿಂಗ್ ತೆರೆದು ಕ್ವಾಡ್ 1, ಅಂದರೆ ಅತಿ ಕಠಿಣ ದರ್ಜೆಯ ಪಂದ್ಯಗಳ ಗೆಲುವು ಎಷ್ಟಿದೆ ನೋಡಿ. ತವರಿನಲ್ಲಾದರೆ ಎದುರಾಳಿ ಮೊದಲ 30ರೊಳಗಿರಬೇಕು, ತಟಸ್ಥ ಅಂಗಳದಲ್ಲಿ 50, ಹೊರಗೆ ಹೋಗಿ ಆಡಿದರೆ 75. ಅಂದರೆ 70ನೇ ಸ್ಥಾನದ ತಂಡವನ್ನು ಅವರ ಅಂಗಳದಲ್ಲೇ ಸೋಲಿಸಿದರೆ ಅದು ದೊಡ್ಡ ಗೆಲುವೇ! ಆಮೇಲೆ ಕ್ವಾಡ್ 4, ಅಂದರೆ ಅತಿ ಸುಲಭ ದರ್ಜೆಯ ಪಂದ್ಯಗಳ ಸೋಲು ಹುಡುಕಿ, ಒಂದಿದ್ದರೂ ಪೆಟ್ಟು ಜೋರು. ಈ ಸ್ಥಾನಗಳು ಬದಲಾಗುತ್ತಲೇ ಇರುತ್ತವೆ. ಡಿಸೆಂಬರ್‌ನ ಗೆಲುವಿನ ಬೆಲೆ ಫೆಬ್ರವರಿಯಲ್ಲಿ ಏರಬಹುದು, ಇಳಿಯಲೂಬಹುದು. ಕಾನ್ಫರೆನ್ಸ್ (ನಿಮ್ಮ ತಂಡ ಸೇರಿರುವ ಗುಂಪು) ಟೂರ್ನಿ ಗೆದ್ದರೆ ನೇರ ಪ್ರವೇಶ, ಈ ಲೆಕ್ಕ ಯಾವುದೂ ಬೇಡ. ಅಲ್ಲಿಯವರೆಗೆ ಉಳಿದ ವೇಳಾಪಟ್ಟಿಯಲ್ಲಿ ಕ್ವಾಡ್ 1 ಪಂದ್ಯಗಳಿಗೆ ಗುರುತು ಹಾಕಿಕೊಳ್ಳಿ.